ಕಲ್ಲಿನ ಸಾಕ್ಷ್ಯ ಕೇಳಿದ ಬಿ. ಎಲ್. ರೈಸ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಓದುವ ನಮ್ಮ ಮಕ್ಕಳು ಊರಿನ ಇತಿಹಾಸದ ಮೇಲೆ ಪ್ರಬಂಧ ಬರೆಯಬೇಕಾದಾಗ ಯಾರೋ ಹಿಂದೆ ಬರೆದುದನ್ನೇ ನಕಲು ಮಾಡಿ ಮುಗಿಸುವುದುಂಟು. ನಮ್ಮ ಧರ್ಮಕೇಂದ್ರಗಳ ಸ್ಮರಣ ಸಂಚಿಕೆಗಳಲ್ಲೂ ಇದೇ ಕೊರತೆಯನ್ನು ಕಾಣುತ್ತೇವೆ. ಆದುದರಿಂದ ಈ ವಾರ, ಮೂಲ ದಾಖಲೆಯಿಂದಲೇ ಇತಿಹಾಸ ಬರೆಯಬೇಕೆಂದು ಬಾಳಿ ತೋರಿಸಿದ ಬೆಂಜಮಿನ್ ಲೂಯಿಸ್ ರೈಸ್ ಅವರನ್ನು ಸ್ಮರಿಸೋಣ.

ರೈಸ್ ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಲಂಡನ್ ಮಿಷನ್ನಿನ ಪ್ರಾಟೆಸ್ಟೆಂಟ್ ಬೋಧಕರೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1860ರಲ್ಲಿ ಹುಟ್ಟೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಶಾಲೆಯ ಮುಖ್ಯಸ್ಥರಾದರು. ಬಳಿಕ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರರಾಗಿ ಊರೂರು ಸಂಚರಿಸಿದರು. ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಮನಸ್ಸನ್ನು ಸೆಳೆದವು.

ಮೇಜರ್ ಡಿಕ್ಸನ್ ಎಂಬವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕಾರ್ಯ ಅವರ ಪಾಲಿಗೆ ಬಂತು. ಅದರ ಫಲವಾಗಿ 1879ರಲ್ಲಿ ಮೈಸೂರಿನ ಶಾಸನಗಳ ಗ್ರಂಥ ಹೊರಬಂತು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ 'ಎಪಿಗ್ರಾಫಿಯಾ ಕರ್ನಾಟಿಕಾ' 12 ಸಂಪುಟಗಳಾಗಿ ಬೆಳೆದು, ಸುಮಾರು 9,000 ಶಾಸನಗಳನ್ನು ಒಳಗೊಂಡಿತು. ಇದರ 11ನೆಯ ಸಂಪುಟವೇ ನಮ್ಮ ಚಿತ್ರದುರ್ಗ ಜಿಲ್ಲೆಯದು. ಪಂಡಿತರ ನೆರವಿನಿಂದ ಅಚ್ಚು ತೆಗೆದು, ಮೂಲಪಾಠವನ್ನೂ ಅನುವಾದವನ್ನೂ ಒಟ್ಟಿಗೆ ಮುದ್ರಿಸಿದುದರಿಂದ ಓದುಗನು ತಾನೇ ಹೋಲಿಸಿ ನೋಡುವ ಅವಕಾಶ ಒದಗಿತು. ದುರ್ಗಕ್ಕೆ ಒಮ್ಮೆ ಬೆಮ್ಮತ್ತನಕಲ್ಲು ಎಂಬ ಹೆಸರಿದ್ದುದನ್ನು ನಾವು ಅರಿತಿರುವುದು ಇಂತಹ ಶಾಸನಗಳಿಂದಲೇ.

ಅವರ ಬಾಳಿನ ಬಹುದೊಡ್ಡ ಶೋಧವೂ ನಮ್ಮ ಜಿಲ್ಲೆಯದೇ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಅವರು ಬೆಳಕಿಗೆ ತಂದರು. ಹಳ್ಳಿಗರು ಅಕ್ಷರಗುಂಡು ಎಂದು ಕರೆಯುತ್ತಿದ್ದ ಬಂಡೆ, ಮೌರ್ಯರ ಆಳ್ವಿಕೆ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಇಲ್ಲಿಯವರೆಗೂ ಹಬ್ಬಿತ್ತೆಂಬುದಕ್ಕೆ ಸಾಕ್ಷಿಯಾಯಿತು. ಆ ಬಂಡೆಯ ಮೇಲೆ ಅಶೋಕನ ಹೆಸರಿಲ್ಲ, ದೇವರಿಗೆ ಪ್ರಿಯನೆಂಬ ಬಿರುದು ಮಾತ್ರವಿದೆ. 1915ರಲ್ಲಿ ಮಸ್ಕಿಯಲ್ಲಿ ಹೆಸರು ಸಹಿತವಾದ ಶಾಸನ ದೊರೆತಾಗ ಆ ಬಿರುದು ಅವನದೇ ಎಂಬುದು ದೃಢಪಟ್ಟಿತು. ಒಂದು ದಾಖಲೆಗೆ ಇನ್ನೊಂದು ದಾಖಲೆ ಕೈಗೂಡಿಸುವ ಬಗೆ ಇದು.

ರೈಸ್ ಅವರೂ ತಪ್ಪದವರಲ್ಲ. ಗಂಗರಸರ ಹೆಸರಿನ ಅನೇಕ ತಾಮ್ರಪಟಗಳನ್ನು ಅವರು ನಿಜವೆಂದು ನಂಬಿ ಸಮರ್ಥಿಸಿದರು. ಅವು ನಂತರದ ಕಾಲದ ಕೃತಕ ಸೃಷ್ಟಿಗಳೆಂದು ಫ್ಲೀಟ್ ಎಂಬ ವಿದ್ವಾಂಸರು ವಾದಿಸಿದರು. ಅವುಗಳಲ್ಲಿ ಹಲವು ಕೃತಕವೆಂದೇ ವಿದ್ವಾಂಸರು ಮುಂದೆ ಒಪ್ಪಿದರು. ಹಳೆಯದೆಂಬ ಮಾತ್ರಕ್ಕೆ ದಾಖಲೆ ಸತ್ಯವಾಗದು. ಅದನ್ನು ಬರೆಸಿದವರು ಯಾರು, ಯಾವಾಗ, ಯಾರ ಲಾಭಕ್ಕಾಗಿ ಎಂದು ಕೇಳಲೇಬೇಕು. ಆದರೂ ರೈಸ್ ಮೂಲಪಾಠವನ್ನು ಮರೆಮಾಡದೆ ಮುದ್ರಿಸಿದ್ದರಿಂದಲೇ ಅವರ ತಪ್ಪನ್ನು ತಿದ್ದಲು ಇತರರಿಗೆ ಸಾಧ್ಯವಾಯಿತು. ಪ್ರಾಮಾಣಿಕತೆಯೆಂದರೆ ಇದೇ ಎಂದು ನಾವು ಭಾವಿಸುತ್ತೇವೆ.

1906ರಲ್ಲಿ ನಿವೃತ್ತರಾದ ಅವರು 1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ಕಣ್ಮುಚ್ಚಿದರು. ಎರಡು ವರ್ಷಗಳ ಬಳಿಕ ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೇ ಮಯೂರಶರ್ಮನ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅಷ್ಟು ಹುಡುಕಿದವರ ಕಣ್ಣಿಗೂ ಬೀಳದ ಕಲ್ಲುಗಳು ನಮ್ಮ ನೆಲದಲ್ಲಿದ್ದವು.

ಕಲ್ಲು ಎರಡು ಸಾವಿರ ವರ್ಷ ಉಳಿದೀತು. ಕಾಗದಕ್ಕೆ ಆ ಆಯುಷ್ಯವಿಲ್ಲ. ನಮ್ಮ ದೇವಾಲಯಗಳ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳೂ, ಸಮಾಧಿಗಳ ಮೇಲಿನ ಬರಹಗಳೂ, ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರಗಳೂ ನಮ್ಮ ಸಮುದಾಯದ ಶಾಸನಗಳೇ. ಗೆದ್ದಲಿಗೆ ಆಹುತಿಯಾದ ಪುಟವನ್ನು ಯಾವ ರೈಸ್ ಬಂದರೂ ಓದಲಾರರು. ಪ್ರಿಯ ಪೋಷಕರೇ, ಮಕ್ಕಳು ಪ್ರಬಂಧ ಬರೆಯಲು ಕುಳಿತಾಗ, ಧರ್ಮಗುರುಗಳ ಅನುಮತಿ ಪಡೆದು ಆ ಹಳೆಯ ಪುಸ್ತಕವನ್ನು ಒಮ್ಮೆ ಅವರಿಗೆ ತೋರಿಸಿ. ಅಜ್ಜನ ಹೆಸರನ್ನು ಆ ಕಾಲದ ಕೈಬರಹದಲ್ಲೇ ಓದಿದ ಮಗು ಇತಿಹಾಸವನ್ನು ಎಂದಿಗೂ ನಕಲು ಮಾಡದು.