ಕುರಿಗಾಹಿಯ ಗಾಡಿಯಿಂದ ಗಾಲಿಮನೆಗೆ: ವಾಲಿ ಬೈಯಮ್ ಬದುಕಿನ ಪಯಣ

(ನಮ್ಮ ವರದಿಗಾರರಿಂದ)

ಶಿರಗುಪ್ಪಿ (ಕಾಗವಾಡ ತಾಲ್ಲೂಕು): ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಕೃಷ್ಣಾ ತೀರದ ಈ ಸೀಮೆಯ ರಸ್ತೆಗಳಲ್ಲಿ ಸಂಸಾರಗಳೇ ಗಾಲಿಯೇರಿ ಬರುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯ ಕಬ್ಬು ಕಡಿಯುವ ತಂಡಗಳು ಎತ್ತಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಪಾತ್ರೆಪಡಗ, ಹಾಸಿಗೆ, ಮಕ್ಕಳುಮರಿಗಳನ್ನು ಹೇರಿಕೊಂಡು ಬಂದು ಸಕ್ಕರೆ ಕಾರ್ಖಾನೆಗಳ ಆಸುಪಾಸಿನಲ್ಲಿ ಬೀಡುಬಿಡುತ್ತವೆ. ಕಬ್ಬಿನ ರವದಿ ಹೊದಿಸಿದ ಗುಡಿಸಲೇ ಅವರ ಪಾಲಿಗೆ ಆರು ತಿಂಗಳ ಮನೆ. ಕುರಿಗಾಹಿಗಳು ಕುದುರೆಯ ಬೆನ್ನ ಮೇಲೆ ಸಂಸಾರ ಹೊರಿಸಿ ಹೊಲದಿಂದ ಹೊಲಕ್ಕೆ ಸಾಗುತ್ತಾರೆ. 2005 ಮತ್ತು 2019ರಲ್ಲಿ ಕೃಷ್ಣೆ ಉಕ್ಕಿ ಹರಿದಾಗ ನದಿತೀರದ ಗ್ರಾಮಸ್ಥರೂ ಟ್ರೇಲರ್‌ಗಳಲ್ಲಿ ಮನೆ ಸಾಮಾನು ತುಂಬಿಕೊಂಡು ಎತ್ತರದ ಜಾಗ ಹುಡುಕಬೇಕಾಯಿತು.

ಮನೆಯನ್ನು ಗಾಲಿಯ ಮೇಲೆ ಸಾಗಿಸುವುದು ಈ ಜನರಿಗೆ ವಿಹಾರವಲ್ಲ, ಅನಿವಾರ್ಯ. ಆದರೆ ಇಂಥದೇ ಅನಿವಾರ್ಯದ ಗಾಡಿಯೊಂದರಲ್ಲಿ ಬಾಲ್ಯ ಕಳೆದ ಕುರಿಗಾಹಿ ಹುಡುಗನೊಬ್ಬ ಮುಂದೆ ಜಗತ್ತಿನಲ್ಲೇ ಅತ್ಯಂತ ಪ್ರಸಿದ್ಧವಾದ ಗಾಲಿಮನೆಯನ್ನು ರೂಪಿಸಿದ. ಆತನೇ ಅಮೆರಿಕದ ವಾಲಿ ಬೈಯಮ್. ಹಾಲಿವುಡ್ ಚಿತ್ರಗಳಲ್ಲಿ ಕಾರಿನ ಹಿಂದೆ ಉರುಳುವ, ಬೆಳ್ಳಿಯಂತೆ ಹೊಳೆಯುವ ದುಂಡನೆಯ ಟ್ರೇಲರ್ ಅನ್ನು ಕಂಡವರು ಅನೇಕರಿರಬಹುದು. ಅದನ್ನು ಮಾಡಿದಾತನ ಬದುಕು ಮಾತ್ರ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

ಕತ್ತೆಗಾಡಿಯಲ್ಲಿ ಕಲಿತ ಪಾಠ

ವ್ಯಾಲೇಸ್ ಮೆರ್ಲ್ ಬೈಯಮ್ ಹುಟ್ಟಿದ್ದು 1896ರ ಜುಲೈ 4ರಂದು, ಅಮೆರಿಕದ ಒರೆಗಾನ್ ರಾಜ್ಯದ ಬೇಕರ್ ಸಿಟಿಯಲ್ಲಿ. ಹದಿಹರೆಯದಲ್ಲಿ ಅವರು ಕುರಿ ಕಾಯುವ ಕೆಲಸಕ್ಕೆ ಸೇರಿದರು. ಮಂದೆಯ ಹಿಂದೆ ಹೋಗುವ ಹುಡುಗನಿಗೆ ಮನೆಯೆಂದರೆ ಕತ್ತೆ ಎಳೆಯುವ ಎರಡು ಗಾಲಿಯ ಗಾಡಿ. ಅದರಲ್ಲಿ ಇದ್ದದ್ದು ಒಂದು ಸೀಮೆಎಣ್ಣೆ ಒಲೆ, ಒಂದಿಷ್ಟು ದಿನಸಿ, ತೊಳೆಯಲು ಒಂದು ಬಕೆಟ್ಟು, ಮಲಗುವ ಚೀಲ. ಬದುಕಲು ಇಷ್ಟೇ ಸಾಕು ಎಂಬುದನ್ನು ಆ ಗಾಡಿ ಬಾಲಕನಿಗೆ ಕಲಿಸಿತು.

ನಂತರ ಬೈಯಮ್ ವ್ಯಾಪಾರಿ ಹಡಗುಗಳಲ್ಲಿ ದುಡಿದರು. ಹಡಗಿನ ಕೋಣೆಯೂ ಚಲಿಸುವ ಮನೆಯೇ. ಅಂಗೈ ಅಗಲದ ಜಾಗವನ್ನೂ ಅಲ್ಲಿ ವ್ಯರ್ಥವಾಗಲು ಬಿಡುವುದಿಲ್ಲ. 1921ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಅವರು ಲಾಸ್ ಏಂಜಲೀಸ್‌ಗೆ ಬಂದು ಪತ್ರಿಕೆಗೆ ಜಾಹೀರಾತು ಬರೆಯುವ ಕೆಲಸ ಹಿಡಿದರು. ಮುಂದೆ ತಾವೇ ನಿಯತಕಾಲಿಕೆಗಳ ಪ್ರಕಾಶಕರಾದರು.

ತಪ್ಪು ನಕ್ಷೆ, ಓದುಗರ ದೂರು

1920ರ ದಶಕದ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಸಾಮಾನ್ಯರ ಕೈಗೂ ಎಟುಕಿತ್ತು. ವಾರಾಂತ್ಯದಲ್ಲಿ ಊರ ಹೊರಗೆ ಹೋಗಿ ಡೇರೆ ಹಾಕಿ ತಂಗುವ ಹವ್ಯಾಸ ಬೆಳೆದಿತ್ತು. ಗಾಲಿಮನೆ ಹೊಸದೇನೂ ಆಗಿರಲಿಲ್ಲ. ಬ್ರಿಟನ್ನಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ ಲೇಖಕರು 1885ರಲ್ಲೇ ವಿಹಾರಕ್ಕೆಂದು ಕುದುರೆ ಎಳೆಯುವ ಬಂಡಿಮನೆ ಮಾಡಿಸಿದ್ದರು. ಆದರೆ ಅದು ಸುಮಾರು ಎರಡು ಟನ್ ತೂಕದ, ಉಳ್ಳವರ ಬಂಡಿ. ಸಾಮಾನ್ಯನ ಪುಟ್ಟ ಕಾರು ಎಳೆಯಬಲ್ಲ, ಆತನೇ ಕಟ್ಟಿಕೊಳ್ಳಬಲ್ಲ ಹಗುರ ಮನೆ ಇನ್ನೂ ಬರಬೇಕಿತ್ತು.

ಬೈಯಮ್ ಅವರ ಪತ್ರಿಕೆಯೊಂದರಲ್ಲಿ ಬೇರೊಬ್ಬರು ಬರೆದ ಟ್ರೇಲರ್ ಕಟ್ಟುವ ನಕ್ಷೆ ಪ್ರಕಟವಾಯಿತು. ಅದನ್ನು ನಂಬಿ ಮರ, ಮೊಳೆ ಕೊಂಡ ಓದುಗರು ದೂರು ಬರೆದರು. ನಕ್ಷೆಯಂತೆ ಕಟ್ಟಿದರೆ ಗಾಡಿ ಸರಿಹೋಗುತ್ತಿರಲಿಲ್ಲ. ತಿದ್ದುಪಡಿಯ ಎರಡು ಸಾಲು ಅಚ್ಚು ಹಾಕಿ ಸುಮ್ಮನಾಗಬಹುದಿತ್ತು. ಬೈಯಮ್ ಹಾಗೆ ಮಾಡಲಿಲ್ಲ. ಅದೇ ನಕ್ಷೆ ಹಿಡಿದು ತಾವೇ ಟ್ರೇಲರ್ ಕಟ್ಟಲು ಕುಳಿತರು. ಓದುಗರ ದೂರು ನಿಜವೆಂಬುದು ಅವರಿಗೆ ಮನದಟ್ಟಾಯಿತು. ತಮ್ಮ ಪತ್ರಿಕೆ ಮಾಡಿದ ತಪ್ಪಿಗೆ ಸರಿಯಾದ ನಕ್ಷೆಯೇ ಪರಿಹಾರ ಎಂದು ತೀರ್ಮಾನಿಸಿದರು.

ಮನೆಯಲ್ಲಿಯೂ ಒಂದು ಕಾರಣವಿತ್ತು. ಪತ್ನಿ ಮೇರಿಯನ್ ಅವರಿಗೆ ನೆಲದ ಮೇಲೆ ಮಲಗುವ, ಅಡುಗೆಮನೆಯಿಲ್ಲದ ಡೇರೆವಾಸ ಹಿಡಿಸುತ್ತಿರಲಿಲ್ಲ. ಬೈಯಮ್ ಮೊದಲು ಮಾಡೆಲ್ ಟಿ ಕಾರಿನ ಚಾಸಿಯ ಮೇಲೆ ಡೇರೆಯನ್ನೇ ಕೂರಿಸಿ ನೋಡಿದರು. ಪ್ರತಿ ತಂಗುದಾಣದಲ್ಲೂ ಅದನ್ನು ಬಿಚ್ಚಿ ಕಟ್ಟುವುದು ಪ್ರಯಾಸದ ಕೆಲಸವಾಗಿತ್ತು. ಮಳೆ ಬಂದರಂತೂ ಪಾಡು ಹೇಳತೀರದು. ಕೊನೆಗೆ ಡೇರೆಯನ್ನು ತೆಗೆದು, ಕಣ್ಣೀರ ಹನಿಯ ಆಕಾರದ ಗಟ್ಟಿ ಗೂಡನ್ನು ಕಟ್ಟಿದರು. ಒಳಗೆ ಮಲಗಲು ಜಾಗ, ಪುಟ್ಟ ಸೀಮೆಎಣ್ಣೆ ಒಲೆ, ಮಂಜುಗಡ್ಡೆಯ ಪೆಟ್ಟಿಗೆ. ಕುರಿಗಾಹಿಯ ಗಾಡಿಗೆ ಸೂರು ಬಂದಂತಾಯಿತು.

ನೂರು ಡಾಲರ್‌ನ ಮನೆ

ಈ ಅನುಭವವನ್ನೆಲ್ಲ ಕ್ರೋಡೀಕರಿಸಿ, ನೂರು ಡಾಲರ್ ವೆಚ್ಚದಲ್ಲಿ ಟ್ರೇಲರ್ ಕಟ್ಟುವ ಬಗೆಯನ್ನು ಬೈಯಮ್ ಲೇಖನವಾಗಿ ಬರೆದರು. ಓದುಗರಿಂದ ಪತ್ರಗಳು ಬರತೊಡಗಿದವು. ಕೆಲವೇ ಡಾಲರ್ ಬೆಲೆಗೆ ನಕ್ಷೆಯ ಪುಸ್ತಿಕೆಯನ್ನು ಅಂಚೆಯಲ್ಲಿ ಕಳುಹಿಸಿದರು. ಕಟ್ಟುವ ಕೌಶಲವಿಲ್ಲದವರಿಗೆ ಬಿಡಿಭಾಗಗಳನ್ನೂ, ಅದೂ ಆಗದವರಿಗೆ ಸಿದ್ಧ ಟ್ರೇಲರ್ ಅನ್ನೂ ಮಾಡಿಕೊಟ್ಟರು. ಎಲ್ಲವೂ ನಡೆದದ್ದು ಮನೆಯ ಹಿತ್ತಲಿನಲ್ಲಿ. ಗರಗಸ, ಸುತ್ತಿಗೆಗಳ ಸದ್ದಿಗೆ ನೆರೆಹೊರೆಯವರು ಬೇಸತ್ತರು. ಹೀಗಾಗಿ ಬೇರೆ ಜಾಗ ಹಿಡಿಯಬೇಕಾಯಿತು. 1931ರಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಅವರ ಪುಟ್ಟ ಕಾರ್ಖಾನೆ ಆರಂಭವಾಯಿತು. ಗಾಳಿಯ ಹರಿವಿನಂತೆ ಹಗುರವಾಗಿ ಸಾಗಬೇಕೆಂಬ ಆಶಯದಿಂದ ಅದಕ್ಕೆ ಏರ್‌ಸ್ಟ್ರೀಮ್ ಎಂಬ ಹೆಸರು ಬಂತು.

ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲೂ ಜನ ಈ ನಕ್ಷೆಗೆ ಮನಸೋತದ್ದೇಕೆ? ಕೈಯಲ್ಲಿ ಹಣವಿಲ್ಲದವನೂ ಪ್ಲೈವುಡ್, ಕಬ್ಬಿಣದ ಪಟ್ಟಿ, ಹಳೆಯ ಕಾರಿನ ಅಚ್ಚು ಮತ್ತು ಗಾಲಿ ಕೂಡಿಸಿ ಮನೆ ಕಟ್ಟಬಹುದಿತ್ತು ಎಂಬುದೇ ಅದಕ್ಕೆ ಉತ್ತರ.

ಗಾಡಿ ಹೊಡೆಯುವವರು ಬಲ್ಲ ಲೆಕ್ಕ

ಅಲ್ಲಿಯವರೆಗೆ ಟ್ರೇಲರ್ ಕಟ್ಟುವವರು ಅಚ್ಚಿನ ಮೇಲೆ ನೆಲಹಲಗೆ ಹಾಸಿ, ಅದರ ಮೇಲೆ ಗೂಡು ನಿಲ್ಲಿಸುತ್ತಿದ್ದರು. ಎತ್ತರ ಹೆಚ್ಚಿಸಿದರೆ ಗಾಡಿ ವಾಲುತ್ತಿತ್ತು, ತಗ್ಗಿಸಿದರೆ ಒಳಗೆ ಕುಕ್ಕರುಗಾಲಿನಲ್ಲೇ ಓಡಾಡಬೇಕಿತ್ತು. ಬೈಯಮ್ ನೆಲವನ್ನೇ ಗಾಲಿಗಳ ನಡುವೆ ಕೆಳಗಿಳಿಸಿದರು, ಸೂರನ್ನು ತುಸು ಏರಿಸಿದರು. ಮನುಷ್ಯ ತಲೆಯೆತ್ತಿ ನಿಲ್ಲುವಂತಾಯಿತು. ಭಾರ ನೆಲಕ್ಕೆ ಸಮೀಪವಾದ್ದರಿಂದ ಗಾಡಿಯೂ ಸ್ಥಿರವಾಯಿತು.

ಪುಟ್ಟ ಟ್ರೇಲರ್ ಕಟ್ಟುವವರು ಇಂದಿಗೂ ಮೊದಲು ಮಾಡಬೇಕಾದದ್ದು ಭಾರದ ಲೆಕ್ಕ. ಅದು ಶಿರಗುಪ್ಪಿಯ ಗಾಡಿ ಹೊಡೆಯುವವರಿಗೆ ಹೊಸದಲ್ಲ. ಎರಡು ಗಾಲಿಯ ಗಾಡಿಗೆ ಕಬ್ಬು ಹೇರುವಾಗ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಬಾಯುತ್ತದೆ. ಕಾರು ಎಳೆಯುವ ಟ್ರೇಲರ್‌ನದೂ ಇದೇ ನ್ಯಾಯ. ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊರಳಿ ಕಾರನ್ನೂ ಎಳೆದಾಡುತ್ತದೆ. ಆದ್ದರಿಂದ ಅಚ್ಚು ಭಾರದ ಮಧ್ಯಬಿಂದುವಿಗಿಂತ ತುಸು ಹಿಂದಿರಬೇಕು. ನೀರಿನ ತೊಟ್ಟಿ, ಒಲೆಯಂಥ ಭಾರದ ವಸ್ತುಗಳು ಅಚ್ಚಿನ ಸಮೀಪ, ನೆಲಮಟ್ಟದಲ್ಲಿರಬೇಕು. ಮುಚ್ಚಿದ ಗೂಡಿನಲ್ಲಿ ಒಲೆ ಉರಿಸಿದರೆ ವಿಷಾನಿಲ ತುಂಬಿ ಪ್ರಾಣಕ್ಕೇ ಅಪಾಯ. ಗಾಳಿಕಿಂಡಿ ಇರಲೇಬೇಕು. ತಪ್ಪು ನಕ್ಷೆ ಅಚ್ಚಾಗುವುದೆಂದರೆ ಓದುಗನ ದುಡ್ಡಿಗಷ್ಟೇ ಅಲ್ಲ, ಜೀವಕ್ಕೂ ಕುತ್ತು.

ವಿಮಾನದ ವಿದ್ಯೆ

1930ರ ದಶಕದ ನಡುವೆ ಬೈಯಮ್ ಬದುಕಿಗೆ ತಿರುವು ಕೊಟ್ಟವರು ಹಾಲಿ ಬೌಲಸ್. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಂಟಿಯಾಗಿ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣದ ಮೇಲ್ವಿಚಾರಣೆ ನೋಡಿಕೊಂಡವರು ಅವರು. 1934ರಲ್ಲಿ ಬೌಲಸ್ ವಿಮಾನದಂತೆಯೇ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಟ್ರೇಲರ್ ರೂಪಿಸಿದರು. ಅದ್ಭುತ ವಿನ್ಯಾಸ, ಆದರೆ ವ್ಯಾಪಾರ ಕೈಹಿಡಿಯಲಿಲ್ಲ. ಬೌಲಸ್ ಕಂಪನಿ ಮುಚ್ಚಿತು.

ಬೈಯಮ್ ಆ ವಿನ್ಯಾಸವನ್ನು ಮುಂದುವರಿಸಿದರು. ಕೊಂಡಿಯ ಮೇಲೆ, ಮುಂಭಾಗದಲ್ಲಿದ್ದ ಬಾಗಿಲನ್ನು ಪಕ್ಕಕ್ಕೆ ತಂದರು. 1936ರಲ್ಲಿ ಕ್ಲಿಪ್ಪರ್ ಎಂಬ ಮಾದರಿ ಹೊರಬಂತು. ನಾಲ್ವರು ಮಲಗುವ ಜಾಗ, ಸ್ವಂತ ನೀರಿನ ವ್ಯವಸ್ಥೆ, ವಿದ್ಯುತ್ ದೀಪ ಎಲ್ಲವೂ ಅದರಲ್ಲಿದ್ದವು. ಬೆಲೆ 1,200 ಡಾಲರ್. ನೂರು ಡಾಲರ್‌ನ ನಕ್ಷೆ ಬರೆದವರು ಹನ್ನೆರಡು ಪಟ್ಟು ಬೆಲೆಯ ಮನೆ ಮಾರುವಂತಾದರು. ಗಾಲಿಮನೆ ಬಡವನ ಹಿತ್ತಲಿನಿಂದ ಉಳ್ಳವರ ಅಂಗಳಕ್ಕೆ ದಾಟಿದ್ದು ಇಲ್ಲಿಯೇ ಎಂಬುದನ್ನು ಅವರ ಬದುಕು ಬರೆಯುವವರು ಮರೆಯಬಾರದು.

ಎರಡನೇ ಮಹಾಯುದ್ಧ ಬಂದಾಗ ಅಲ್ಯೂಮಿನಿಯಂ ಎಲ್ಲವೂ ಯುದ್ಧವಿಮಾನಗಳ ಪಾಲಾಯಿತು. ಕಾರ್ಖಾನೆ ಬಾಗಿಲು ಹಾಕಿತು. ಬೈಯಮ್ ವಿಮಾನ ಉದ್ಯಮದಲ್ಲಿ ಕೆಲಸಕ್ಕೆ ಸೇರಿದರು. ಯುದ್ಧ ಮುಗಿದ ಮೇಲೆ ಮತ್ತೆ ಏರ್‌ಸ್ಟ್ರೀಮ್ ಕಟ್ಟಿದರು. 1952ರಲ್ಲಿ ಒಹಾಯೊ ರಾಜ್ಯದ ಜಾಕ್ಸನ್ ಸೆಂಟರ್‌ನಲ್ಲಿ ಹೊಸ ಕಾರ್ಖಾನೆ ತೆರೆಯಿತು.

63 ಹೊರಟವು, 14 ಮುಟ್ಟಿದವು

ತಾವು ಮಾರಿದ ಟ್ರೇಲರ್ ಎಷ್ಟು ಗಟ್ಟಿ ಎಂಬುದನ್ನು ಬೈಯಮ್ ಕಾರ್ಖಾನೆಯಲ್ಲಿ ಕುಳಿತು ಅಳೆಯಲಿಲ್ಲ. 1951ರ ಕೊನೆಯಲ್ಲಿ ಟೆಕ್ಸಾಸ್‌ನಿಂದ ಮಧ್ಯ ಅಮೆರಿಕದತ್ತ 63 ಟ್ರೇಲರ್‌ಗಳ ಸಾಲನ್ನು ತಾವೇ ಮುನ್ನಡೆಸಿ ಹೊರಟರು. ರಸ್ತೆಯೆಂದು ಕರೆಯಲೂ ಆಗದ ದಾರಿಗಳು, ಕೆಸರು, ಮುರಿದ ಅಚ್ಚುಗಳು. ನಿಕರಾಗುವಾದ ರಾಜಧಾನಿ ಮನಾಗುವಾ ತಲುಪಿದ್ದು 14 ಮಾತ್ರ. ಬೇರೆಯವರಾಗಿದ್ದರೆ ಮತ್ತೆ ಇಂಥ ಸಾಹಸಕ್ಕೆ ಕೈಹಾಕುತ್ತಿರಲಿಲ್ಲವೇನೊ. ಬೈಯಮ್ ಅವರಿಗೆ ಆ ಯಾತ್ರೆ ಓದುಗರ ಹಳೆಯ ದೂರುಪತ್ರಗಳಂತೆಯೇ ಪಾಠವಾಯಿತು. ದಾರಿಯಲ್ಲಿ ಕಂಡ ದೋಷಗಳನ್ನು ಮುಂದಿನ ಮಾದರಿಗಳಲ್ಲಿ ತಿದ್ದುತ್ತ ಹೋದರು.

1955ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಕೆಂಟ್‌ವಿಲ್‌ನಲ್ಲಿ ಸಹಯಾತ್ರಿಗಳು ಅವರ ಹೆಸರಿನಲ್ಲೇ ಸಂಘ ಸ್ಥಾಪಿಸಿದರು. 1956ರಲ್ಲಿ ಯುರೋಪ್ ಯಾತ್ರೆ ನಡೆಯಿತು. 1959ರಲ್ಲಿ 41 ಟ್ರೇಲರ್‌ಗಳ ತಂಡ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಿಂದ ಹೊರಟು, ಇಥಿಯೋಪಿಯದ ದುರ್ಗಮ ದಾರಿಗಳನ್ನು ಹಾದು, 1960ರಲ್ಲಿ ಈಜಿಪ್ಟಿನ ಕೈರೊ ಮುಟ್ಟಿತು. ಪಿರಮಿಡ್‌ಗಳ ಎದುರು ಬೆಳ್ಳಿಬಣ್ಣದ ಟ್ರೇಲರ್‌ಗಳು ಸಾಲುಗಟ್ಟಿ ನಿಂತ ಚಿತ್ರ ಜಗತ್ಪ್ರಸಿದ್ಧವಾಯಿತು.

ಎರಡೇ ವರ್ಷದಲ್ಲಿ, 1962ರ ಜುಲೈ 22ರಂದು, ಮಿದುಳಿನ ಗೆಡ್ಡೆಯಿಂದ ಬೈಯಮ್ ನಿಧನರಾದರು. ಆಗ ಅವರಿಗೆ 66 ವರ್ಷ. ಅವರು ಹಾಕಿಕೊಟ್ಟ ದಾರಿಯಲ್ಲೇ 1963–64ರ ವಿಶ್ವಯಾತ್ರೆಯ ತಂಡ ಸಿಂಗಪುರದಿಂದ ಹೊರಟು ಭಾರತದ ರಸ್ತೆಗಳಲ್ಲೂ ಸಾಗಿಹೋಯಿತು. 1969ರಲ್ಲಿ ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಮತ್ತು ಕಾಲಿನ್ಸ್ ಅವರನ್ನು ಸೋಂಕಿನ ಭಯದಿಂದ ಪ್ರತ್ಯೇಕವಾಗಿರಿಸಿ ಹ್ಯೂಸ್ಟನ್‌ಗೆ ಒಯ್ದದ್ದು ಗಾಲಿ ತೆಗೆದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಗೂಡಿನಲ್ಲಿ. ಅದನ್ನು ಕಾಣಲು ಬೈಯಮ್ ಇರಲಿಲ್ಲ.

ನಮ್ಮ ಊರಿನ ನಕ್ಷೆ

ಗಾಲಿಮನೆಯ ಆಸಕ್ತಿ ಈಗ ನಮ್ಮ ನಗರಗಳಲ್ಲೂ ಚಿಗುರಿದೆ. ಕಟ್ಟಲು ಹೊರಡುವವರು ಒಂದನ್ನು ನೆನಪಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಸಹ ಮೋಟಾರು ವಾಹನವೇ. ಹಿತ್ತಲಿನಲ್ಲಿ ಕಟ್ಟಿದ್ದನ್ನು ನೋಂದಣಿಯಿಲ್ಲದೆ ರಸ್ತೆಗಿಳಿಸುವಂತಿಲ್ಲ. ಆದ್ದರಿಂದ ಮರ, ಕಬ್ಬಿಣ ಕೊಳ್ಳುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಕೌಶಲಕ್ಕೆ ಮಾತ್ರ ಇಲ್ಲಿ ಬರವಿಲ್ಲ. ಕಬ್ಬಿನ ಟ್ರೇಲರ್‌ಗಳ ಅಚ್ಚು, ಕೊಂಡಿ, ಚೌಕಟ್ಟುಗಳನ್ನು ಬೆಸೆದು ದುರಸ್ತಿ ಮಾಡುವ ವೆಲ್ಡಿಂಗ್ ಅಂಗಡಿಗಳು ಈ ಸೀಮೆಯ ಊರೂರಲ್ಲಿವೆ. ಕೊರತೆಯಿರುವುದು ಕಬ್ಬು ಕಡಿಯುವ ಕುಟುಂಬಕ್ಕೆ, ಮಂದೆಯ ಹಿಂದೆ ಅಲೆಯುವ ಕುರಿಗಾಹಿಗೆ ಹೊಂದುವ ಹಗುರ, ಅಗ್ಗದ, ಮಳೆ–ಚಳಿಗೆ ಜಗ್ಗದ ಗಾಲಿಮನೆಯ ನಕ್ಷೆಯದು. ರವದಿಯ ಗುಡಿಸಲಿನಲ್ಲಿ ಮಕ್ಕಳನ್ನು ಮಲಗಿಸಿ ನಸುಕಿನಲ್ಲೇ ಹೊಲಕ್ಕಿಳಿಯುವ ತಾಯಂದಿರಿಗೆ ಅದು ವಿಹಾರದ ಸಾಧನವಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ಸೂರು.

ಬೈಯಮ್ ಅವರ ಬೆಳ್ಳಿಯ ಟ್ರೇಲರ್ ಇಂದು ಸಿರಿವಂತಿಕೆಯ ಗುರುತಾಗಿದೆ. ಆದರೆ ಅದರ ಬೇರಿರುವುದು ಒಲೆ, ಬಕೆಟ್ಟು, ಹಾಸಿಗೆಯಷ್ಟೇ ಇದ್ದ ಕತ್ತೆಗಾಡಿಯಲ್ಲಿ. ನೂರು ಡಾಲರ್‌ನ ಆ ನಕ್ಷೆಗೆ ಸಮನಾದುದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳೋ ಸಕ್ಕರೆ ಕಾರ್ಖಾನೆಗಳೋ ಬರೆದುಕೊಟ್ಟರೆ, ಅದನ್ನು ಕಟ್ಟಬಲ್ಲ ಕೈಗಳು ಈ ಸೀಮೆಯಲ್ಲೇ ಇವೆ.