ಒಂದು ಮತದ ನಾಯಕ

1906ರ ಫೆಬ್ರವರಿ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ 29 ಮಂದಿ ಸದಸ್ಯರು ತಮ್ಮ ಮುಖಂಡನನ್ನು ಆರಿಸಿಕೊಳ್ಳಲು ಸಭೆ ಸೇರಿದರು. ನೇಕಾರಿಕೆ, ಎರಕದ ಕೆಲಸ, ರೈಲ್ವೆಯ ದುಡಿಮೆ ಮೊದಲಾದ ಕಸುಬುಗಳಿಂದ ಬಂದ ಜನ ಅವರು. ಆರು ವರ್ಷಗಳ ಹಿಂದೆ, 1900ರ ಚುನಾವಣೆಯಲ್ಲಿ, ಅವರ ಸಂಘಟನೆಯಿಂದ ಗೆದ್ದು ಬಂದವರು ಇಬ್ಬರೇ ಇಬ್ಬರು. ಈಗ 50 ಮಂದಿಯನ್ನು ನಿಲ್ಲಿಸಿ 29 ಸ್ಥಾನಗಳನ್ನು ಪಡೆದಿದ್ದರು. ಇಂಗ್ಲೆಂಡಿನ ಪತ್ರಿಕೆಗಳಿಗೆ ಇದು ದೊಡ್ಡ ಬೆರಗು. ಯೂರೋಪಿನ ರಾಜಕಾರಣಿಗಳೂ ಇದನ್ನು ಗಮನಿಸಿದರು. ಇಂಥ ವಿಜಯದ ಮರುದಿನಗಳಲ್ಲಿ ನಾಯಕತ್ವಕ್ಕೆ ಸ್ಪರ್ಧೆಯೇ ಇರಲಾರದೆಂದು ಯಾರಾದರೂ ಭಾವಿಸುವುದು ಸಹಜ. ಆ ಪಕ್ಷವನ್ನು ಬಿತ್ತಿ ಬೆಳೆಸಿದಾತನು ಅದೇ ಸಭೆಯಲ್ಲಿ ಕುಳಿತಿದ್ದನು. ಆದರೂ ಆತನಿಗೆ ಎದುರಾಗಿ ಡೇವಿಡ್ ಶ್ಯಾಕಲ್‌ಟನ್ ಎಂಬ ನೇಕಾರರ ಸಂಘದ ಮುಖಂಡನ ಹೆಸರು ಸೂಚಿತವಾಯಿತು. ಮೊದಲ ಎಣಿಕೆಯಲ್ಲಿ ಇಬ್ಬರಿಗೂ ಸಮಸಮನಾಗಿ ಮತಗಳು ಬಿದ್ದುವು. ಮತ್ತೆ ಮತ ತೆಗೆದುಕೊಂಡಾಗ ಒಂದೇ ಒಂದು ಮತದ ಅಂತರದಿಂದ ಜೇಮ್ಸ್ ಕೀರ್ ಹಾರ್ಡಿ ಆರಿಸಿ ಬಂದನು.

ಗೆದ್ದ ಪಕ್ಷವು ತನ್ನನ್ನು ಗೆಲ್ಲಿಸಿದವನ ವಿಷಯದಲ್ಲಿ ಹೀಗೆ ಅನುಮಾನಿಸಿದ್ದೇಕೆ? ಹಾರ್ಡಿಯ ಬಾಳನ್ನು ಮೊದಲಿನಿಂದ ನೋಡಿದವರಿಗೆ ಇದು ಅಷ್ಟು ಕಠಿನವಾದ ಒಗಟಲ್ಲ.

ಆತನು ಹುಟ್ಟಿದ್ದು 1856ರ ಆಗಸ್ಟ್ 15ರಂದು, ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರಿನ ಒಂದು ಕೋಣೆಯ ಮನೆಯಲ್ಲಿ. ತಾಯಿ ಮೇರಿ ಕೀರ್ ಮನೆಗೆಲಸದವಳು. ಆಕೆಗೆ ಆಗ ಮದುವೆಯಾಗಿರಲಿಲ್ಲ. ಬಳಿಕ ಆಕೆಯ ಕೈಹಿಡಿದ ಹಡಗಿನ ಬಡಗಿ ಡೇವಿಡ್ ಹಾರ್ಡಿಯ ಹೆಸರೇ ಮಗನಿಗೂ ಬಂದಿತು. ಶಾಲೆಯ ಮೆಟ್ಟಿಲನ್ನು ಹುಡುಗ ಹತ್ತಿದವನಲ್ಲ. ಅಕ್ಷರ ಕಲಿಸಿದವಳು ತಾಯಿ. ಗ್ಲಾಸ್ಗೋ ನಗರದಲ್ಲಿ ಹಡಗುಕಟ್ಟೆಯ ಕೆಲಸ ನಿಂತು ಮಲತಂದೆ ಬರಿಗೈಯಲ್ಲಿ ಕುಳಿತಿದ್ದಾಗ, ರೊಟ್ಟಿ ಅಂಗಡಿಯೊಂದರಲ್ಲಿ ವಾರಕ್ಕೆ ಮೂರೂವರೆ ಷಿಲಿಂಗಿಗೆ ದುಡಿಯುತ್ತಿದ್ದ ಈ ಬಾಲಕನ ಸಂಪಾದನೆಯೇ ಸಂಸಾರಕ್ಕೆ ಆಧಾರವಾಗಿತ್ತು. ಸಾಯುತ್ತಿದ್ದ ತಮ್ಮನ ಬಳಿ ರಾತ್ರಿಯೆಲ್ಲ ಎಚ್ಚರವಿದ್ದು ಎರಡು ಬೆಳಗು ಕೆಲಸಕ್ಕೆ ತಡವಾಗಿ ಹೋದನು. ಮಾಲೀಕನು ಮನೆಮಂದಿಯೊಡನೆ ತುಂಬಿದ ಮೇಜಿನ ಮುಂದೆ ಉಪಾಹಾರಕ್ಕೆ ಕುಳಿತಿದ್ದಾಗ, ಒದ್ದೆ ಬಟ್ಟೆಯಲ್ಲಿ ನಿಂತ ಹುಡುಗನನ್ನು ಕರೆಸಿ, ಕೆಲಸದಿಂದ ತೆಗೆದುಹಾಕಿ, ಆ ವಾರದ ಕೂಲಿಯನ್ನೂ ದಂಡವಾಗಿ ಹಿಡಿದುಕೊಂಡನು. ಹಾರ್ಡಿ ಇದನ್ನು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಆ ಮನೆ ದೈವಭಕ್ತಿಗೆ ಹೆಸರಾದುದಾಗಿತ್ತೆಂಬುದನ್ನು ಆತನು ಕೊನೆಯವರೆಗೂ ಮರೆಯಲಿಲ್ಲ.

ಹತ್ತನೆಯ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದನು. ನೆಲದಾಳದ ಕತ್ತಲಲ್ಲಿ ಒಬ್ಬನೇ ಕುಳಿತು, ಗಾಳಿಯ ಸಂಚಾರಕ್ಕಾಗಿ ಇಟ್ಟ ಬಾಗಿಲನ್ನು ತೆರೆದು ಮುಚ್ಚುವುದು ಅವನ ಪಾಲಿನ ಕೆಲಸ. ದೀಪದ ಹೊಗೆಯಿಂದ ಕಲ್ಲಿನ ಚಪ್ಪಡಿಯನ್ನು ಕಪ್ಪಾಗಿಸಿ, ಅದರ ಮೇಲೆ ಗುಂಡುಸೂಜಿಯಿಂದ ಗೀಚಿ ಶೀಘ್ರಲಿಪಿ ಕಲಿತನು. ಯೌವನದಲ್ಲಿ ಧರ್ಮಶ್ರದ್ಧೆ ಮೂಡಿತು; ಮದ್ಯಪಾನ ನಿಷೇಧದ ವೇದಿಕೆಗಳಲ್ಲಿ ನಾಲಗೆ ಹದಗೊಂಡಿತು. ಗಣಿಗಾರರ ಸಂಘ ಕಟ್ಟಿದ್ದಕ್ಕೆ ಮಾಲೀಕರು ಅವನನ್ನೂ ಅವನ ತಮ್ಮಂದಿರನ್ನೂ ಗಣಿಯಿಂದ ಹೊರಗಟ್ಟಿದರು. ಅಲ್ಲಿಂದ ಲೇಖನಿಯೇ ಅವನ ಜೀವನೋಪಾಯವಾಯಿತು.

1888ರಲ್ಲಿ ಮಿಡ್ ಲ್ಯಾನರ್ಕ್ ಕ್ಷೇತ್ರದ ಉಪಚುನಾವಣೆಗೆ ಹಾರ್ಡಿ ಸ್ವತಂತ್ರ ಕಾರ್ಮಿಕ ಅಭ್ಯರ್ಥಿಯಾಗಿ ನಿಂತನು. ಹಿಂದೆ ಸರಿದರೆ ಮುಂದೊಂದು ಗೆಲ್ಲುವ ಕ್ಷೇತ್ರವನ್ನೂ ವರ್ಷಕ್ಕೆ 300 ಪೌಂಡುಗಳನ್ನೂ ಕೊಡುವುದಾಗಿ ಲಿಬರಲ್ ಪಕ್ಷದವರು ಆಸೆ ತೋರಿಸಿದರು. ಆತನು ಒಪ್ಪಲಿಲ್ಲ. ಬಂದ ಮತಗಳು 617. ಅಂದಿನ ದೊಡ್ಡ ಮನುಷ್ಯರು ಆ ಸಂಖ್ಯೆಯನ್ನು ನೋಡಿ ನಕ್ಕಿರಬೇಕು. ಕಾರ್ಮಿಕರ ಪ್ರತಿನಿಧಿಗಳು ಪಾರ್ಲಿಮೆಂಟಿನಲ್ಲಿ ಅದಾಗಲೇ ಕೆಲವರಿದ್ದರು. ಆದರೆ ಅವರೆಲ್ಲ ಲಿಬರಲ್ಲರ ಪಂಕ್ತಿಯಲ್ಲಿ ಕೊನೆಯ ಎಲೆಗೆ ಕುಳಿತವರು. ದುಡಿಯುವವರು ತಮ್ಮದೇ ಎಲೆ ಹಾಕಿಕೊಳ್ಳಬೇಕೆಂಬ ಹಟ ಹಾರ್ಡಿಯದು.

1892ರಲ್ಲಿ ಲಂಡನ್ ಬಳಿಯ ವೆಸ್ಟ್ ಹ್ಯಾಮ್ ದಕ್ಷಿಣ ಕ್ಷೇತ್ರದಿಂದ ಆತನು ಗೆದ್ದು ಬಂದನು. ಕರಿಯ ಕೋಟು, ರೇಷ್ಮೆಯ ಎತ್ತರದ ಟೋಪಿ ಪಾರ್ಲಿಮೆಂಟಿನ ಸದಸ್ಯರ ಸಮವಸ್ತ್ರದಂತಿದ್ದ ಕಾಲದಲ್ಲಿ ಒರಟು ಉಣ್ಣೆಯ ಉಡುಪು, ಸಾದಾ ಟೋಪಿ ತೊಟ್ಟು ಒಳಹೊಕ್ಕನು. ಆ ಟೋಪಿಯನ್ನು ಕುರಿತು ಪತ್ರಿಕೆಗಳು ಬರೆದಷ್ಟನ್ನು ಆತನ ಭಾಷಣಗಳ ಬಗ್ಗೆ ಬರೆಯಲಿಲ್ಲ. 1894ರ ಜೂನ್ 23ರಂದು ವೇಲ್ಸಿನ ಆಲ್ಬಿಯನ್ ಗಣಿಯಲ್ಲಿ ಸ್ಫೋಟವಾಗಿ 290 ಜನ ಸತ್ತರು. ಅದೇ ದಿನ ರಾಜಮನೆತನದಲ್ಲಿ ಗಂಡುಮಗು ಹುಟ್ಟಿತು. ಅಭಿನಂದನೆಯ ನಿರ್ಣಯ ಸಭೆಯ ಮುಂದೆ ಬಂದಾಗ, ಸತ್ತ ಗಣಿಗಾರರ ಕುಟುಂಬಗಳಿಗೆ ಎರಡು ಮಾತಿನ ಅನುತಾಪವನ್ನೂ ಸೇರಿಸಿರೆಂದು ಹಾರ್ಡಿ ಕೇಳಿಕೊಂಡನು. ಅದು ಆಗದೆನ್ನಲು, ಇಡೀ ಸಭೆಯ ಬೊಬ್ಬೆಗೆ ಎದುರಾಗಿ ಒಬ್ಬನೇ ನಿಂತು ನಿರ್ಣಯವನ್ನು ವಿರೋಧಿಸಿದನು. ಆ ಮಗುವೇ ಮುಂದೆ ಎಂಟನೆಯ ಎಡ್ವರ್ಡ್ ಆಗಿ 1936ರಲ್ಲಿ ಸಿಂಹಾಸನ ಬಿಟ್ಟಿಳಿದದ್ದು. ಒಬ್ಬನೇ ನಿಲ್ಲುವುದು ಹಾರ್ಡಿಗೆ ಅಂದು ರೂಢಿಯಾಯಿತು. ಅದು ಅವನ ಹಿರಿಮೆ. ಮುಂದೆ ಅವನಿಗೆ ತೊಡಕಾದದ್ದೂ ಅದೇ.

1893ರಲ್ಲಿ ಬ್ರಾಡ್‌ಫರ್ಡಿನಲ್ಲಿ ಸ್ಥಾಪಿತವಾದ ಸ್ವತಂತ್ರ ಕಾರ್ಮಿಕ ಪಕ್ಷವು 1895ರ ಚುನಾವಣೆಯಲ್ಲಿ 28 ಕಡೆ ನಿಂತು 28 ಕಡೆಯೂ ಸೋತಿತು. ಹಾರ್ಡಿಯೂ ಸೋತನು. ಸಮಾಜವಾದದ ತತ್ತ್ವವೊಂದರಿಂದಲೇ ಮತ ಬೀಳದು, ಕಾರ್ಮಿಕ ಸಂಘಗಳ ಹಣವೂ ಜನಬಲವೂ ಬೇಕು ಎಂಬ ಪಾಠವನ್ನು ಆತನು ಬೇಗನೆ ಕಲಿತನು. 1900ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸಂಘಗಳೂ ಸಮಾಜವಾದಿಗಳೂ ಕೂಡಿ ಕಾರ್ಮಿಕ ಪ್ರಾತಿನಿಧ್ಯ ಸಮಿತಿಯನ್ನು ರಚಿಸಿದರು. ಅದೇ ವರ್ಷ, ಬೋಯರ್ ಯುದ್ಧವನ್ನು ಬಹಿರಂಗವಾಗಿ ಖಂಡಿಸುತ್ತಿದ್ದರೂ, ವೇಲ್ಸಿನ ಗಣಿನಾಡಾದ ಮರ್ಥರ್ ಟಿಡ್ವಿಲ್ ಕ್ಷೇತ್ರ ಅವನನ್ನು ಆರಿಸಿ ಕಳುಹಿಸಿತು. ಮರುವರ್ಷ ಟ್ಯಾಫ್ ವೇಲ್ ರೈಲ್ವೆಯ ಮೊಕದ್ದಮೆಯಲ್ಲಿ, ಮುಷ್ಕರದಿಂದಾದ ನಷ್ಟಕ್ಕೆ ಕಾರ್ಮಿಕ ಸಂಘವೇ ಹೊಣೆಯೆಂದು ಲಾರ್ಡುಗಳ ಸಭೆಯ ನ್ಯಾಯಪೀಠ ತೀರ್ಪಿತ್ತಿತು. ಸಂಘವು ತೆತ್ತ ಪರಿಹಾರ 23,000 ಪೌಂಡು. ಅದುವರೆಗೆ ದೂರ ನಿಂತಿದ್ದ ಸಂಘಗಳು ಆ ಬಳಿಕ ಸಮಿತಿಯ ಬಾಗಿಲಿಗೆ ಬಂದುವು. ಹಾರ್ಡಿ ಹದಿನೈದು ವರ್ಷ ಬೋಧಿಸಿ ಮಾಡಲಾಗದ್ದನ್ನು ನ್ಯಾಯಾಧೀಶರು ಒಂದು ತೀರ್ಪಿನಿಂದ ಮಾಡಿಕೊಟ್ಟರು.

ಇನ್ನೊಂದು ಸಂಗತಿಯನ್ನೂ ಮರೆಮಾಡಬಾರದು. 1903ರಲ್ಲಿ ಸಮಿತಿಯ ಕಾರ್ಯದರ್ಶಿ ರಾಮ್ಸೆ ಮ್ಯಾಕ್‌ಡೊನಾಲ್ಡನು ಲಿಬರಲ್ ಪಕ್ಷದ ಹರ್ಬರ್ಟ್ ಗ್ಲ್ಯಾಡ್‌ಸ್ಟನ್ನನೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದನು. ಸುಮಾರು 30 ಸ್ಥಾನಗಳಲ್ಲಿ ಎರಡು ಪಕ್ಷಗಳೂ ಒಂದರ ದಾರಿಗೊಂದು ಅಡ್ಡ ಬರಬಾರದೆಂಬುದೇ ಅದರ ತಿರುಳು. ಹಾರ್ಡಿಗೆ ಇದು ತಿಳಿದಿತ್ತು. ಲೋಕಕ್ಕೆ ಆಕಸ್ಮಿಕವಾಗಿ ಕಂಡ 1906ರ ಗೆಲುವಿನ ಹಿಂದೆ ಮ್ಯಾಕ್‌ಡೊನಾಲ್ಡನ ಈ ಲೆಕ್ಕಾಚಾರವೂ ಇತ್ತು. ಲಿಬರಲ್ ಪಕ್ಷಕ್ಕೆ ಆ ಸಲ ಬಂದ ಸ್ಥಾನಗಳು ಸುಮಾರು 400. ಅಷ್ಟು ದೊಡ್ಡ ಸೈನ್ಯದ ಪಕ್ಕದಲ್ಲಿ 29 ಜನ ಏನೂ ಅಲ್ಲ. ಆದರೂ ಜನರ ಕಣ್ಣು ಹೊರಳಿದ್ದು ಇವರ ಕಡೆಗೆ.

ಈ ಹೊಸಬರ ಮನಸ್ಸನ್ನು ತಿದ್ದಿದ ಗ್ರಂಥಗಳಾವುವೆಂದು ಪತ್ರಿಕಾಕರ್ತ ಡಬ್ಲ್ಯೂ. ಟಿ. ಸ್ಟೆಡ್ ಆ ವರ್ಷ ಪತ್ರ ಬರೆದು ವಿಚಾರಿಸಿದನು. ಬಂದ ಉತ್ತರಗಳಲ್ಲಿ ಮಾರ್ಕ್ಸನ ಹೆಸರು ಅಪರೂಪ. ರಸ್ಕಿನ್, ಬೈಬಲ್, ಡಿಕನ್ಸ್, ಕಾರ್ಲೈಲ್ ಹೆಸರುಗಳು ಮತ್ತೆ ಮತ್ತೆ ಬಂದುವು. ಇದಕ್ಕೆ ಎರಡು ವರ್ಷ ಮೊದಲು ದಕ್ಷಿಣ ಆಫ್ರಿಕದ ರೈಲಿನಲ್ಲಿ ಗಾಂಧೀಜಿಯನ್ನು ರಾತ್ರಿಯಿಡೀ ಎಚ್ಚರವಾಗಿರಿಸಿದ ಪುಸ್ತಕವೂ ರಸ್ಕಿನ್ನನದೇ ಎಂಬುದನ್ನು ಸಾಹಿತ್ಯಪ್ರಿಯರಾದ ವಾಚಕರು ನೆನೆಯಬಹುದು.

ಇನ್ನು ಹಾರ್ಡಿಯ ಅಧ್ಯಕ್ಷತೆಯ ಮಾತು. ಆ ಪದವಿಗೆ ನಾಯಕನೆಂಬ ಹೆಸರು ಸಹ ಅಂದು ಇರಲಿಲ್ಲ. ಪಾರ್ಲಿಮೆಂಟಿನ ಕಾರ್ಮಿಕ ಗುಂಪಿನ ಅಧ್ಯಕ್ಷನೆಂದಷ್ಟೇ ಕರೆಯುತ್ತಿದ್ದರು. ಮೊದಲ ವರ್ಷ ಕೆಲಸಗಳೇನೋ ಕೈಗೂಡಿದುವು. ಟ್ಯಾಫ್ ವೇಲ್ ತೀರ್ಪನ್ನು ರದ್ದುಮಾಡುವ ಕಾಯಿದೆ ಕಾರ್ಮಿಕ ಪಕ್ಷ ಬಯಸಿದ ರೂಪದಲ್ಲೇ 1906ರಲ್ಲಿ ಬಂದಿತು. ಶಾಲೆಯ ಬಡ ಮಕ್ಕಳಿಗೆ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡುವ ಕಾಯಿದೆಯೂ ಅದೇ ವರ್ಷದ್ದು. ಅದರ ಮೂಲವೂ ಕಾರ್ಮಿಕ ಸದಸ್ಯನೊಬ್ಬನ ಮಸೂದೆ. ಹಸಿದ ಹೊಟ್ಟೆಯಲ್ಲಿ ರೊಟ್ಟಿ ಹೊತ್ತು ತಿರುಗಿದ ಹುಡುಗನಿಗೆ ಇದಕ್ಕಿಂತ ಮಿಗಿಲಾದ ತೃಪ್ತಿ ಯಾವುದಿದ್ದೀತು?

ಆದರೆ ಸಭೆ ಕರೆಯುವುದು, ಸಹೋದ್ಯೋಗಿಗಳ ಮಾತನ್ನು ತಾಳ್ಮೆಯಿಂದ ಕೇಳುವುದು, ಮಸೂದೆಯ ಕಲಮು ಉಪಕಲಮುಗಳನ್ನು ತೂಗಿನೋಡುವುದು ಹಾರ್ಡಿಯ ಪ್ರಕೃತಿಗೆ ಒಗ್ಗಿ ಬರಲಿಲ್ಲ. ಯಾರನ್ನೂ ಕೇಳದೆ ಮಾತಾಡುತ್ತಾನೆ, ಬೇಕಾದಾಗ ಕೈಗೆ ಸಿಗುವುದಿಲ್ಲವೆಂದು ಪಕ್ಷದವರು ಗೊಣಗತೊಡಗಿದರು. ಗೊಣಗಾಟದಲ್ಲಿ ಹುರುಳಿಲ್ಲದಿರಲಿಲ್ಲ. ಶ್ಯಾಕಲ್‌ಟನ್ನನೇ ಆ ಪೀಠಕ್ಕೆ ಹೆಚ್ಚು ಒಪ್ಪುತ್ತಿದ್ದನೇನೋ ಎಂದು ಹೇಳಿದರೆ ಹಾರ್ಡಿಗೆ ಅಗೌರವವಾಗದು. ಸ್ತ್ರೀಯರ ಮತಾಧಿಕಾರದ ಪ್ರಶ್ನೆಯಲ್ಲಂತೂ ಬಿರುಕು ಬಯಲಾಯಿತು. ಗಂಡಸರಿಗಿರುವ ಷರತ್ತುಗಳ ಮೇಲೆಯೇ ಹೆಂಗಸರಿಗೂ ಈಗಲೇ ಮತ ಕೊಡಿರೆಂಬುದು ಹಾರ್ಡಿಯ ವಾದ. ಹಾಗೆ ಮಾಡಿದರೆ ಆಸ್ತಿವಂತ ಸ್ತ್ರೀಯರಿಗಷ್ಟೇ ಲಾಭ, ವಯಸ್ಕರೆಲ್ಲರಿಗೂ ಒಮ್ಮೆಲೇ ಕೊಡಬೇಕೆಂಬುದು ಪಕ್ಷದ ಬಹುಮತ. 1907ರ ಜನವರಿಯಲ್ಲಿ ಬೆಲ್‌ಫಾಸ್ಟಿನ ಸಮ್ಮೇಳನ ಹಾರ್ಡಿಯ ಪಕ್ಷವನ್ನು ಸೋಲಿಸಿತು. ಸೋತ ಅಧ್ಯಕ್ಷನು ಎದ್ದು ನಿಂತು, ಈ ನಿರ್ಣಯ ತನ್ನ ಕೈ ಕಟ್ಟುವುದಾದರೆ ಪಾರ್ಲಿಮೆಂಟಿನ ಗುಂಪಿನಲ್ಲಿ ತಾನು ಉಳಿಯುವುದೋ ಬಿಡುವುದೋ ಯೋಚಿಸಬೇಕಾದೀತೆಂದು ತಿಳಿಸಿದನು. ತನ್ನ ಬಾಳಿನ ಫಲವನ್ನೇ ಬಿಟ್ಟು ನಡೆಯಲು ಆತನು ಸಿದ್ಧನಾದುದನ್ನು ಕಂಡು ಸಭೆ ಬೆಚ್ಚಿತು. ಕೊನೆಗೆ ಆ ವಿಷಯದಲ್ಲಿ ಸದಸ್ಯರು ತಂತಮ್ಮ ಮನಸ್ಸಾಕ್ಷಿಯಂತೆ ನಡೆಯಬಹುದೆಂದು ಗುಂಪು ರಾಜಿಮಾಡಿಕೊಂಡಿತು.

ಅದೇ ವರ್ಷ ದೇಹಸ್ಥಿತಿ ಕೆಟ್ಟಿತು. ವೈದ್ಯರು ಹೇಳಿದ ವಿಶ್ರಾಂತಿಗೆಂದು ಲೋಕಪರ್ಯಟನಕ್ಕೆ ಹೊರಟ ಹಾರ್ಡಿ ವಿಶ್ರಾಂತಿಯೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಮಾಡಿದನು. ಶರತ್ಕಾಲದಲ್ಲಿ ಭಾರತಕ್ಕೆ ಬಂದಾಗ ಬಂಗಾಳ ವಿಭಜನೆಯ ಉರಿ ಇನ್ನೂ ಆರಿರಲಿಲ್ಲ. ಪೂರ್ವ ಬಂಗಾಳದ ಹಳ್ಳಿಗಳನ್ನು ಸುತ್ತಿ, ರೈತರ ಗುಡಿಸಲು ಹೊಕ್ಕು, ಕಂದಾಯ, ಕ್ಷಾಮಗಳನ್ನು ಕುರಿತು ಕೇಳಿ ತಿಳಿದನು. ಕೆನಡಾ ದೇಶಕ್ಕೆ ಸಲ್ಲುವ ಸ್ವಯಮಾಡಳಿತ ಭಾರತಕ್ಕೇಕೆ ಸಲ್ಲಬಾರದೆಂಬ ಆತನ ಮಾತು ತಂತಿಯಲ್ಲಿ ಲಂಡನ್ನಿಗೆ ಮುಟ್ಟಿದಾಗ, ರಾಜದ್ರೋಹಿಯೆಂದು ಅಲ್ಲಿನ ಪತ್ರಿಕೆಗಳು ಅಬ್ಬರಿಸಿದುವು. ಆ ಅನುಭವ 1909ರಲ್ಲಿ ಪುಸ್ತಕವಾಗಿ ಹೊರಬಂದಿತು. ದಕ್ಷಿಣ ಆಫ್ರಿಕದಲ್ಲಿ, ಕರಿಯರಿಗೂ ಭಾರತೀಯರಿಗೂ ಸಮಾನ ಕೂಲಿ ಕೊಟ್ಟು ಸಂಘಗಳಿಗೆ ಸೇರಿಸಿಕೊಳ್ಳಿರೆಂದು ಹೇಳಿದ್ದಕ್ಕೆ ಬಿಳಿಯರು ಆತನ ಸಭೆಗಳಲ್ಲಿ ದೊಂಬಿಯೆಬ್ಬಿಸಿದರು. ಹೀಗೆ ಮತವಿಲ್ಲದವರ ನಡುವೆ ಆತನ ಗೌರವ ಬೆಳೆಯುತ್ತಿದ್ದಂತೆ, ಊರಿನಲ್ಲಿ ಪಕ್ಷದ ಕುರ್ಚಿ ಕೈಬದಲಾಯಿತು. 1908ರ ಆರಂಭದಲ್ಲಿ ಆರ್ಥರ್ ಹೆಂಡರ್ಸನ್ ಅಧ್ಯಕ್ಷನಾದನು. ಕುರ್ಚಿ ಬಿಟ್ಟ ಹಾರ್ಡಿಗೆ ವ್ಯಥೆಗಿಂತ ಬಿಡುಗಡೆಯೇ ಹೆಚ್ಚಾಗಿ ತೋರಿರಬೇಕು.

ಆ ವರ್ಷದ ಬೇಸಗೆಯಲ್ಲಿ ದೊರೆ ಏಳನೆಯ ಎಡ್ವರ್ಡ್ ರಷ್ಯದ ಜಾರನನ್ನು ಭೇಟಿಯಾಗಲು ಹೋದುದನ್ನು ಹಾರ್ಡಿ ಪಾರ್ಲಿಮೆಂಟಿನಲ್ಲಿ ಖಂಡಿಸಿದನು. ಅರಮನೆಯ ಉದ್ಯಾನಕೂಟದ ಆಹ್ವಾನಪಟ್ಟಿಯಿಂದ ಆತನ ಹೆಸರು ಮಾಯವಾಯಿತು. ಹಾರ್ಡಿಗೆ ಆ ಕೂಟಗಳ ಹಂಬಲವೇನೂ ಇರಲಿಲ್ಲ. ಆದರೆ ಎರಡು ವರ್ಷ ಆತನ ವಿಷಯದಲ್ಲಿ ಗೊಣಗಿದ ಅದೇ ಗುಂಪು, ಹಾರ್ಡಿಯ ಹೆಸರು ಮರಳಿ ಸೇರುವವರೆಗೆ ತಮ್ಮೆಲ್ಲರ ಹೆಸರುಗಳನ್ನೂ ತೆಗೆದುಹಾಕಿರೆಂದು ಅರಮನೆಗೆ ತಿಳಿಸಿತು.

1914ರ ಆಗಸ್ಟಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ದೇಶದೇಶದ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದರೆ ಯುದ್ಧವನ್ನು ತಡೆಯಬಹುದೆಂದು ಹಾರ್ಡಿ ವರ್ಷಗಳಿಂದ ಸಾರುತ್ತಿದ್ದನು. ಆಗಸ್ಟ್ 6ರಂದು ತನ್ನ ಕ್ಷೇತ್ರದ ಆಬರ್ಡೇರ್ ಪಟ್ಟಣದಲ್ಲಿ ಶಾಂತಿಯ ಪರವಾಗಿ ಮಾತಾಡಲು ನಿಂತಾಗ, ಹದಿನಾಲ್ಕು ವರ್ಷ ಆತನನ್ನು ಆರಿಸಿ ಕಳುಹಿಸಿದ ಜನರೇ ರಾಷ್ಟ್ರಗೀತೆ ಹಾಡಿ, ಕೂಗಿ, ಬಾಯಿ ಮುಚ್ಚಿಸಿದರು. ಆ ಗದ್ದಲಕ್ಕೆ ಮುಂದಾಳಾಗಿದ್ದವನು ಚಾರ್ಲ್ಸ್ ಸ್ಟ್ಯಾಂಟನ್, ಗಣಿಗಾರರ ಸಂಘದ ಕಾರ್ಯಕರ್ತ. ಹಾರ್ಡಿ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. 1915ರ ಮೊದಲಲ್ಲಿ ಲಕ್ವ ಹೊಡೆಯಿತು. ಸೆಪ್ಟೆಂಬರ್ 26ರಂದು, ರೊಟ್ಟಿ ಹೊತ್ತು ತಿರುಗಿದ ಅದೇ ಗ್ಲಾಸ್ಗೋ ನಗರದಲ್ಲಿ, 59ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.

ತೆರವಾದ ಮರ್ಥರ್ ಸ್ಥಾನಕ್ಕೆ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಕಾರ್ಮಿಕ ಪಕ್ಷದ ಅಧಿಕೃತ ಅಭ್ಯರ್ಥಿ ಜೇಮ್ಸ್ ವಿನ್‌ಸ್ಟನ್ ಸೋತನು. ಸುಮಾರು ನಾಲ್ಕು ಸಾವಿರ ಮತಗಳ ಅಂತರದಿಂದ ಗೆದ್ದು ಹಾರ್ಡಿಯ ಸ್ಥಾನದಲ್ಲಿ ಕುಳಿತವನು ಚಾರ್ಲ್ಸ್ ಸ್ಟ್ಯಾಂಟನ್.