ಟೆಕ್ಟೈಟಿಗೆ ಹೆಸರಿತ್ತ ಫ್ರಾನ್ಸ್ ಎಡ್ವರ್ಡ್ ಸ್ಯೂಸ್

ಬೊಹೀಮಿಯದ ದಕ್ಷಿಣ ಭಾಗದಲ್ಲಿ, ಮಾಲ್ಡೌ ನದಿಯ ಸೀಮೆಯ ಹೊಲಗಳನ್ನು ಉಳುವಾಗ ಹಸಿರು ಗಾಜಿನ ತುಣುಕುಗಳು ದೊರೆಯುವುದುಂಟು. ಜ್ವಾಲಾಮುಖಿ ಉಗುಳಿದ ಗಾಜೆಂದು ಕೆಲವರೂ, ಹಳೆಯ ಗಾಜಿನ ಕುಲುಮೆಗಳ ಕಸವೆಂದು ಕೆಲವರೂ ಇವನ್ನು ಬಗೆದಿದ್ದರು. ಈ ಎರಡನ್ನೂ ನಿರಾಕರಿಸಿದವರು ವಿಯೆನ್ನದ ಭೂವಿಜ್ಞಾನಿ ಫ್ರಾನ್ಸ್ ಎಡ್ವರ್ಡ್ ಸ್ಯೂಸ್.

ಅವರು 1867ರಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಸ್ಯೂಸ್ ಜಗದ್ವಿಖ್ಯಾತರು. ನಮ್ಮ ದೇಶದ ಗೊಂಡರ ನಾಡಿನ ಹೆಸರನ್ನು ಪ್ರಾಚೀನ ಮಹಾಖಂಡವೊಂದಕ್ಕೆ ಇಟ್ಟು ಪ್ರಚುರಪಡಿಸಿದವರು ಅವರೇ. ಆಲದ ಮರದ ನೆರಳಿನಲ್ಲಿ ಮತ್ತೊಂದು ಮರ ಬೆಳೆಯುವುದು ಸುಲಭವಲ್ಲ. ಆದರೂ ಪುತ್ರರು ಬೊಹೀಮಿಯದ ಪುರಾತನ ಶಿಲೆಗಳ ವ್ಯಾಸಂಗದಿಂದ ಸ್ವಂತ ಸ್ಥಾನವನ್ನು ಗಳಿಸಿಕೊಂಡು, ಮುಂದೆ ವಿಯೆನ್ನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

1900ರಲ್ಲಿ ಅವರು ಪ್ರಕಟಿಸಿದ ದೀರ್ಘ ಪ್ರಬಂಧವೇ ಅವರ ಕೀರ್ತಿಗೆ ಮುಖ್ಯ ಕಾರಣ. ಬೊಹೀಮಿಯದ ಗಾಜನ್ನೂ, ಆಸ್ಟ್ರೇಲಿಯ ಮತ್ತು ಬಿಲ್ಲಿಟನ್ ದ್ವೀಪಗಳ ಕಪ್ಪು ಗಾಜನ್ನೂ ಒಂದೇ ಕುಲಕ್ಕೆ ಸೇರಿಸಿ, ಕರಗಿದುದು ಎಂಬರ್ಥದ ಗ್ರೀಕ್ ಪದದಿಂದ ಟೆಕ್ಟೈಟ್ ಎಂಬ ಹೆಸರನ್ನು ಅವರು ಸೃಷ್ಟಿಸಿದರು. ಇವುಗಳ ರಾಸಾಯನಿಕ ಸಂಯೋಜನೆ ಜ್ವಾಲಾಮುಖಿಯ ಗಾಜಿಗೆ ಹೊಂದುವುದಿಲ್ಲ. ಕುಲುಮೆಯ ಗಾಜಿನಂತೆ ಸುಲಭವಾಗಿ ಕರಗುವುದೂ ಇಲ್ಲ. ಆದುದರಿಂದ ಇವು ಆಕಾಶದಿಂದ ಬಿದ್ದ ಗಾಜಿನ ಉಲ್ಕೆಗಳು, ಮೈಮೇಲಿನ ಕೊರೆತಗಳು ವಾಯುಮಂಡಲದ ಘರ್ಷಣೆಯ ಗುರುತುಗಳು ಎಂಬುದು ಅವರ ಸಿದ್ಧಾಂತ. ನಿರಾಕರಣೆಯಲ್ಲಿ ಅವರು ಗೆದ್ದರು, ಸಿದ್ಧಾಂತದಲ್ಲಿ ಗೆಲ್ಲಲಿಲ್ಲ. 1941ರಲ್ಲಿ ಅವರು ಕಾಲವಶರಾದಾಗ ಈ ವಿವಾದ ತೀರಿರಲಿಲ್ಲ.

ಉತ್ತರವನ್ನು ಕೊಟ್ಟದ್ದೂ ರಸಾಯನವೇ. ಬೊಹೀಮಿಯದ ಗಾಜಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಿಲಿಕ. ನೀರಿನ ಅಂಶವಾದರೋ ಜ್ವಾಲಾಮುಖಿಯ ಗಾಜಿಗಿಂತ ಬಹಳ ಕಡಿಮೆ. ಈ ಪ್ರಮಾಣಗಳು ಉಲ್ಕೆಗಳಿಗೆ ಹೋಲದೆ, ಭೂಮಿಯ ಮೇಲ್ಪದರದ ಮರಳು ಜೇಡಿಗಳಿಗೆ ಹೋಲುತ್ತವೆ. ಜರ್ಮನಿಯ ರೀಸ್ ಎಂಬ, ಸುಮಾರು 24 ಕಿಲೋಮೀಟರ್ ಅಗಲದ ತಗ್ಗು ಆಕಾಶಕಾಯದ ಅಪ್ಪಳಿಕೆಯಿಂದ ಆದುದೆಂದು 1960ರಲ್ಲಿ ದೃಢಪಟ್ಟಿತು. ಅದರ ವಯಸ್ಸೂ ಈ ಗಾಜಿನ ವಯಸ್ಸೂ ಒಂದೇ, ಸುಮಾರು 1 ಕೋಟಿ 48 ಲಕ್ಷ ವರ್ಷ. ಅಪ್ಪಳಿಸಿದ್ದು ಆಕಾಶದ್ದು, ಕರಗಿ ನೂರಾರು ಕಿಲೋಮೀಟರ್ ಚಿಮ್ಮಿದ್ದು ನೆಲದ ಮಣ್ಣು. ಚಂದ್ರನಿಂದ ಬಂದುವೆಂಬ ಇನ್ನೊಂದು ಪಕ್ಷವೂ 1969ರಲ್ಲಿ ಚಂದ್ರಶಿಲೆಗಳು ಕೈಸೇರಿದ ಮೇಲೆ ದುರ್ಬಲವಾಯಿತು. ಸ್ಯೂಸರು ಗಾಳಿಯ ಕೆತ್ತನೆಯೆಂದು ತಿಳಿದ ಬೊಹೀಮಿಯದ ಗಾಜಿನ ಕೊರೆತಗಳು ಬಹುಮಟ್ಟಿಗೆ ಮಣ್ಣಿನೊಳಗಿನ ನೀರು ಸವೆಸಿದ ಗುರುತುಗಳೆಂದು ಈಗ ತಿಳಿದಿದೆ.

ಟೆಕ್ಟೈಟ್ ಎಂಬ ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ. ಸ್ಯೂಸರ ಪುತ್ರ ಹಾನ್ಸ್ ರಸಾಯನವಿಜ್ಞಾನಿಯಾಗಿ, ಹೆರಾಲ್ಡ್ ಯೂರಿಯವರೊಡನೆ 1956ರಲ್ಲಿ ವಿಶ್ವದ ಮೂಲಧಾತುಗಳ ಪ್ರಮಾಣಗಳನ್ನು ಲೆಕ್ಕಹಾಕಿದಾಗ, ಅವರಿಗೆ ಮುಖ್ಯ ಆಧಾರವಾದುವು ನಿಜವಾದ ಉಲ್ಕೆಗಳೇ.